ಹದಿನೆಂಟು ಮಿಲಿಯನ್ ಚಿಲ್ಲರೆ

ಮಿಲಿಯನ್ ಸಲ ಅಂದರೆ ನಿಜಕ್ಕೂ ಎಷ್ಟು ಸಲ?

ಅರ್ಥ ಕೇಳಿದರೆ ಹತ್ತು ಲಕ್ಷ, ಒಂದರ ಮುಂದೆ ಆರು ಸೊನ್ನೆ. ಚಿತ್ತಾಪುರದ ಶಾಲೆಯ ಕರಿಹಲಗೆಯ ಮೇಲೆ ಅಮೃತಪ್ಪ ಅದನ್ನು ಪ್ರತಿ ವರ್ಷವೂ ಬರೆದು ತೋರಿಸಿದ್ದ. ಆದರೆ ಹೆರಿಗೆ ನೋವಿನಲ್ಲಿ ಹಲ್ಲು ಕಚ್ಚಿ ಮಲಗಿದ ಹೆಂಗಸು ಸೊನ್ನೆ ಎಣಿಸಿ ಮಾತಾಡುವುದಿಲ್ಲ. ಹಾಗಾದರೆ ಆ ಸಂಜೆ ಅವನ ಹೆಂಡತಿ ಸೂಗಮ್ಮ ಹೇಳಿದ ಮಾತಿಗೆ ತೂಕವೆಷ್ಟು? ಅದನ್ನು ನಂಬಿ ಕೂತವನದು ತಪ್ಪೋ, ಅದನ್ನು ಸುಳ್ಳು ಮಾಡಿದವನದು ತಪ್ಪೋ?

"ಅಣ್ಣ ಬರ್ತಾನ್ರಿ," ಅಂದಿದ್ದಳು. "ಮಿಲಿಯನ್ ಸಲ ಹೇಳ್ತೀನಿ, ಬರ್ತಾನ. ನೀವು ಸುಮ್ ಕುಂದ್ರಿ."

ಕೂಸು ಅಡ್ಡ ಬಿದ್ದಿದೆ, ಶಹಾಬಾದಿನ ದವಾಖಾನೆಗೆ ಒಯ್ಯಿರಿ ಎಂದು ಸೂಲಗಿತ್ತಿ ಕೈ ತೊಳೆದುಕೊಂಡಿದ್ದಳು. ಸಂಜೆಯ ರೈಲು ಹೋಗಿಯಾಗಿತ್ತು. ಸೂಗಮ್ಮನ ಅಣ್ಣ ನಾಗೇಂದ್ರಪ್ಪನಿಗೆ ವಾಡಿಯ ಹತ್ತಿರ ಕಲ್ಲಿನ ಗಣಿ, ಲಡಾಯಿ ಕಾಲದ್ದೊಂದು ಹಳೆಯ ಲಾರಿ. ಸೈಕಲ್ ಸವಾರನೊಬ್ಬನ ಕೈಯಲ್ಲಿ ಅಮೃತಪ್ಪ ಸುದ್ದಿ ಕಳಿಸಿದ. ಬಂಡಿ ಹೂಡಲೇ ಎಂದು ನೆರೆಯವರು ಬಂದು ಕೇಳಿದರು. ಲಾರಿ ಬರುತ್ತದೆ, ಬಂಡಿಯ ಕುಲುಕಾಟ ಬೇಡ ಅಂದ. ಲಾರಿ ಆ ಹೊತ್ತಿಗೆ ನೆಲಕ್ಕೆ ಹಾಸುವ ಫರಸಿ ಕಲ್ಲು ಹೇರಿಕೊಂಡು ಶಹಾಬಾದಿನ ದಾರಿ ಹಿಡಿದಿತ್ತು ಎಂಬುದು ಅವನಿಗೆ ಆಮೇಲೆ ತಿಳಿಯಿತು. ಕಲ್ಲು ಶಹಾಬಾದ್ ಮುಟ್ಟಿತು. ಸೂಗಮ್ಮ ಮುಟ್ಟಲಿಲ್ಲ. ಸುದ್ದಿ ಮುಟ್ಟಿದ ಮೇಲೂ ನಾಗೇಂದ್ರಪ್ಪ ಲಾರಿಯನ್ನು ಕಲ್ಲಿಗೇ ಕಳಿಸಿದ ಎಂದು ಅಮೃತಪ್ಪ ತಿಳಿದ. ನಾಗೇಂದ್ರಪ್ಪ ಬಂದದ್ದು ಮರುದಿನ ಬೆಳಗಿಗೆ, ನಡೆದುಕೊಂಡು, ಮೊಣಕಾಲತನಕ ಧೂಳು ಮೆತ್ತಿಕೊಂಡು, ಒಂದು ಕಾಲಲ್ಲಿ ಮಾತ್ರ ಚಪ್ಪಲಿ. ಲಾರಿಯ ಯಜಮಾನ ತಂಗಿಯ ಮಣ್ಣಿಗೆ ಹೀಗಾ ಬರುವುದು ಎಂದು ಅಮೃತಪ್ಪನಿಗೆ ಮೈಯೆಲ್ಲ ಉರಿಯಿತು. ಯಾಕೆ ನಡೆದು ಬಂದೆ ಎಂದು ಅವನು ಕೇಳಲಿಲ್ಲ. ಆ ಹೊತ್ತಿನಿಂದ ಅವನು ನಾಗೇಂದ್ರಪ್ಪನನ್ನು ಏನೂ ಕೇಳಿರಲಿಲ್ಲ.

ಆ ಪದ ಅವರಿಬ್ಬರ ಮನೆಗೆ ಬಂದದ್ದು ಜನಗಣತಿಯ ವರ್ಷ. ಅಮೃತಪ್ಪ ಉರ್ದುವಿನಲ್ಲಿ ಓದಿ, ಹೈದರಾಬಾದಿನಲ್ಲಿ ಬಿ.ಎ. ಮಾಡಿ ಬಂದವನು. ಲಾಖ್, ಕರೋಡ್ ಅವನ ನಾಲಗೆಗೆ ಸಲೀಸು. ಪೊಲೀಸ್ ಕಾರ್ಯಾಚರಣೆಯ ನಂತರ ಶಾಲೆಯ ಪುಸ್ತಕಗಳು ಬದಲಾದವು, ಇಂಗ್ಲಿಷ್ ಪೇಪರು ಒಂದು ದಿನ ತಡವಾಗಿ ರೈಲಿನಲ್ಲಿ ಬರತೊಡಗಿತು. ಅದರಲ್ಲಿ ಎಲ್ಲವೂ ಮಿಲಿಯನ್. ಒಂದು ಮಧ್ಯಾಹ್ನ ಊಟದ ಮುಂದೆ ಕೂತು ಓದಿ ಹೇಳಿದ. ಹೈದರಾಬಾದ್ ರಾಜ್ಯದ ಜನ ಹದಿನೆಂಟು ಮಿಲಿಯನ್ ಚಿಲ್ಲರೆ.

"ಚಿಲ್ಲರಿ ಅಂದ್ರ?" ಸೂಗಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು.

"ಮಿಲಿಯನ್ ಆಗ್ಲಾರದೆ ಉಳಿದ ಮಂದಿ."

"ಹಂಗಾರ ನಾ ಆ ಚಿಲ್ಲರ್ಯಾಗ ಇದ್ದೀನ್ರಿ. ನೀವು ಬಿ.ಎ. ಆದವರು, ಮಿಲಿಯನ್ದಾಗ ಇರ್ರಿ. ರೊಟ್ಟಿ ಬೇಕಾದ್ರ ಈ ಕಡಿ ಬರ್ರಿ."

ಅಂದಿನಿಂದ ಆ ಪದ ಅವಳದಾಯಿತು. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅಡುಗೆಮನೆಯ ಇರುವೆ ಮಿಲಿಯನ್, ಅಂಗಿಯ ಗುಂಡಿ ಹಚ್ಚಿಕೊಟ್ಟದ್ದು ಮಿಲಿಯನ್ ಸಲ, ಗಂಡನ ಮೇಲಿನ ಸಿಟ್ಟು ಒಂದು ಮಿಲಿಯನ್. ಅದು ಎಣಿಕೆಯ ಪದ, ಹಾಗೆ ಬಳಸಬಾರದು ಎಂದು ಮೊದಮೊದಲು ತಿದ್ದುತ್ತಿದ್ದ. ಆಮೇಲೆ ಇಂಗ್ಲಿಷ್ ಕಾದಂಬರಿಗಳಲ್ಲಿ ದೊರೆಸಾನಿಯರೂ ಹಾಗೇ ಬಳಸುವುದನ್ನು ನೋಡಿ ಬೆರಗಾದ. ಪುಸ್ತಕ ಕಂಡಿಲ್ಲದ ಹೆಂಗಸಿಗೆ ಪದದ ಬಳಕೆ ತನಗಿಂತ ಮೊದಲು ತಿಳಿದಿತ್ತು. ಅದನ್ನು ಅವಳಿಗೆ ಹೇಳಬೇಕು ಅಂದುಕೊಂಡಿದ್ದ. ಅಷ್ಟರಲ್ಲಿ ಅವಳು ಬಸುರಾದಳು, ಬೇರೆ ಮಾತುಗಳು ಬಂದವು.

ಅವಳು ಸತ್ತ ಮೇಲೂ ರಾಜ್ಯದ ಜನ ಹದಿನೆಂಟು ಮಿಲಿಯನ್ ಚಿಲ್ಲರೆಯೇ. ಮತ್ತೆ ಮತ್ತೆ ಅಮೃತಪ್ಪ ಬಂದು ನಿಲ್ಲುತ್ತಿದ್ದದ್ದು ಇಲ್ಲಿಗೆ. ಪೇಪರಿನಲ್ಲಿ ಆ ಸಂಖ್ಯೆ ಬಂದಾಗಲೆಲ್ಲ ಅದನ್ನೇ ದಿಟ್ಟಿಸುತ್ತಿದ್ದ. ಅದರಿಂದ ಒಬ್ಬಳನ್ನು, ಅವಳ ಹೊಟ್ಟೆಯೊಳಗೊಬ್ಬನನ್ನು ಕಳೆದರೂ ಅದು ಕದಲಿರಲಿಲ್ಲ. ದೊಡ್ಡ ಪದಕ್ಕೆ ಒಬ್ಬರು ಹೋದದ್ದು ಗೊತ್ತಾಗುವುದಿಲ್ಲ. ಮೊದಲು ಇದು ಅವನಿಗೆ ತಡೆಯಲಾರದ ದುಃಖವಾಗಿತ್ತು. ಮಳೆಗಾಲ ಕಳೆಯುವ ಹೊತ್ತಿಗೆ ಅದೇ ಒಂದು ಅನುಕೂಲವಾಗಿ ಕಾಣತೊಡಗಿತು. ಸೂಗಮ್ಮ ಹೋದದ್ದು ಯಾರಿಗೂ ಗೊತ್ತಾಗಲಿಲ್ಲವೆಂದರೆ, ನಾಗೇಂದ್ರಪ್ಪ ಹೋದದ್ದೂ ಗೊತ್ತಾಗಬೇಕಿಲ್ಲ.

ಯೋಚನೆ ಬಂದ ದಿನ ಅವನು ಹೆದರಲಿಲ್ಲ. ತನಗೆ ಹೆದರಿಕೆಯಾಗಲಿಲ್ಲ ಎಂಬುದಕ್ಕೆ ಮಾತ್ರ ಸ್ವಲ್ಪ ಹೆದರಿದ. ಮತ್ತೆ ಒಬ್ಬ ಮೇಷ್ಟರು ಪಾಠಕ್ಕೆ ತಯಾರಾಗುವಂತೆ ತಯಾರಾದ.

ಹೊಡೆಯುವುದು, ತಳ್ಳುವುದು ಅವನಿಂದ ಆಗದು. ನಾಗೇಂದ್ರಪ್ಪ ಕಲ್ಲಿನ ನಡುವೆ ಬೆಳೆದ ಆಳು. ಉಳಿದದ್ದು ಊಟ. ಇಲಿಗೆ ಎಂದು ಸೇಡಂ ಸಂತೆಯಲ್ಲಿ, ಮುಖಪರಿಚಯವಿಲ್ಲದವನ ಹತ್ತಿರ ಕೊಂಡ ಬಿಳಿ ಪುಡಿ ಒಂದು ಪೊಟ್ಟಣದಲ್ಲಿತ್ತು. ಅವನ ಶಾಲೆಯ ಕಪಾಟಿನಲ್ಲಿ ನಿಜವಾಗಿಯೂ ಇಲಿಗಳಿದ್ದವು. ಅದನ್ನು ಹೆಡ್ ಮೇಷ್ಟರ ಮುಂದೆ ಎರಡು ಸಲ ದೂರಿಟ್ಟಿದ್ದ. ದಿನವೆಂದರೆ ಎಳ್ಳಮಾಸಿ, ಎಳ್ಳು ಅಮಾವಾಸ್ಯೆಯ ಹಬ್ಬ, ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಅಂದು ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಜೋಳದ ಪೈರಿನ ನಡುವೆ ಕಂಬಳಿ ಹಾಸಿ, ಕಾಳು ಸೊಪ್ಪು ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಕಡುಬು, ಅಂಬಲಿ, ಹೋಳಿಗೆ ಎಲ್ಲ ಹರವಿ, ಹತ್ತು ಮನೆಯ ಅಡುಗೆ ಒಂದಾಗಿ ಬೆರೆತು ಎಲ್ಲರ ಹೊಟ್ಟೆಗೂ ಇಳಿಯುತ್ತದೆ. ಮರುದಿನ ಒಬ್ಬಿಬ್ಬರಿಗೆ ವಾಂತಿ ಭೇದಿ ಆಗದ ವರ್ಷವಿಲ್ಲ. ನಾಗೇಂದ್ರಪ್ಪನ ಹೊಟ್ಟೆ ಮೊದಲೇ ಕೆಟ್ಟದ್ದು. ಜನ ಹಬ್ಬದ ಊಟವನ್ನು ಬೈಯುತ್ತಾರೆ, ಅಂದೇ ಸಂಜೆಗೆ ಸಮಾಧಿ ತೋಡುತ್ತಾರೆ. ವಿಭೂತಿ ಹಚ್ಚಿ, ಕೈಯಲ್ಲಿ ಲಿಂಗ ಕೊಟ್ಟು ಕೂರಿಸಿದವನನ್ನು ಮತ್ತೆ ಅಗೆದು ತೆಗೆಯುವ ಮಾತು ಈ ಭಾಗದಲ್ಲಿ ಯಾರ ಬಾಯಿಂದಲೂ ಬರದು.

ನಾಗೇಂದ್ರಪ್ಪನೊಬ್ಬನೇ ತಿನ್ನುವಂಥದ್ದು ಯಾವುದು ಎಂಬುದಕ್ಕೂ ಹುಡುಕಾಡಬೇಕಿರಲಿಲ್ಲ. ಎಳ್ಳ ಹೋಳಿಗೆ. ಸೂಗಮ್ಮ ಮದುವೆಯಾಗಿ ಬಂದ ವರ್ಷದಿಂದ ಪ್ರತಿ ಎಳ್ಳಮಾಸಿಗೆ ಅಣ್ಣನಿಗೆಂದೇ ಮಾಡಿ ಕಳಿಸುತ್ತಿದ್ದಳು. ಗಟ್ಟಿಯಾದ, ಕಟುಮ್ ಎನ್ನುವ ಹೋಳಿಗೆ. ಅವನು ಅವುಗಳನ್ನು ಯಾರಿಗೂ ಕೊಡುತ್ತಿರಲಿಲ್ಲ, ಹಬ್ಬದ ದಿನ ಮುಟ್ಟುತ್ತಲೂ ಇರಲಿಲ್ಲ. ಮರುದಿನ ನಸುಕಿಗೆ ಗಣಿಯಲ್ಲಿ ಮಿಂದು, ಲಿಂಗಪೂಜೆ ಮುಗಿಸಿ, ಕಲ್ಲಿನ ಮೇಲೆ ಒಬ್ಬನೇ ಕೂತು ತಿನ್ನುತ್ತಿದ್ದ. ಮನೆಯಲ್ಲಿ ಅವನನ್ನು ಬಿಟ್ಟರೆ ತಾಯಿ ಮಹಾದೇವಮ್ಮ ಒಬ್ಬಳೇ. ಆಕೆಗೆ ಹಲ್ಲಿಲ್ಲ.

ಹೋಳಿಗೆಯನ್ನು ನಾಗೇಂದ್ರಪ್ಪನ ಕೈಗೆ ಕೊಡುವ ಪ್ರಸಂಗವೂ ಬರುವುದಿಲ್ಲ. ಇದು ಅಮೃತಪ್ಪನಿಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚಿಗೆಯಾದ ಭಾಗ. ಬೀಗರ ಮನೆಗೆ ತಿನ್ನುವುದು ಏನೇ ಒಯ್ದರೂ ಅಳಿಯನಾದವನು ಅದನ್ನು ಮನೆಯ ಹಿರಿಯ ಹೆಂಗಸಿನ ಕೈಗೇ ಕೊಡಬೇಕು, ನಿಮಗೆ ತಂದಿದ್ದೇನೆ ಎಂದೇ ಹೇಳಬೇಕು. ಇಂಥವರಿಗೆ ಎಂದು ಬೇರೆ ಹೆಸರು ತೆಗೆಯುವುದು ಮರ್ಯಾದೆಯಲ್ಲ. ಪ್ರತಿ ವರ್ಷ ಅವನು ಹಾಗೆಯೇ ಮಹಾದೇವಮ್ಮನ ಕೈಗಿತ್ತಿದ್ದ, ಪ್ರತಿ ವರ್ಷ ಆಕೆ ನಕ್ಕು ಅವುಗಳನ್ನು ಮಗನ ಚೀಲಕ್ಕೆ ಹಾಕಿದ್ದಳು. ನಾಳೆ ಯಾರಾದರೂ ಕೇಳಿದರೆ, ಅಮೃತಪ್ಪ ನಾಗೇಂದ್ರಪ್ಪನಿಗೆ ಏನನ್ನೂ ಕೊಟ್ಟಿಲ್ಲ ಎಂದು ನೂರು ಜನ ಹೇಳುತ್ತಾರೆ. ಅದು ನಿಜವೂ ಆಗಿರುತ್ತದೆ.

ಒಂದು ಕೊರತೆಯಿತ್ತು. ಹತ್ತು ತಿಂಗಳಿಂದ ಅವನು ಆ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಒಮ್ಮೆಲೇ ಹಬ್ಬಕ್ಕೆ ಹೋಗಿ ನಿಂತರೆ ಕಣ್ಣಿಗೆ ಬೀಳುತ್ತದೆ. ಅದೂ ತಾನಾಗಿ ಒದಗಿ ಬಂತು. ಸರ್ಕಾರದ ಭೂಗರ್ಭ ಇಲಾಖೆಯ ಅಧಿಕಾರಿಯೊಬ್ಬರು ವಾಡಿಯ ಕಲ್ಲು ನೋಡಲು ಬಂದರು. ಮದ್ರಾಸ್ ಕಡೆಯವರು, ಇಂಗ್ಲಿಷ್ ಬಿಟ್ಟು ಇಲ್ಲಿಯ ಯಾವ ಮಾತೂ ಬಾರದು. ಮಾತು ತಿರುವಿ ಹೇಳಲು ಬನ್ನಿ ಎಂದು ನಾಗೇಂದ್ರಪ್ಪನೇ ಹೇಳಿ ಕಳಿಸಿದ.

ಗಣಿಯ ತಳದಲ್ಲಿ ಬೂದು ಫರಸಿ ಪದರು ಪದರಾಗಿ ಎದ್ದು ನಿಂತಿತ್ತು. ಅಧಿಕಾರಿ ಒಂದು ಚೂರು ಎತ್ತಿ, ನಾಲಗೆಯ ತುದಿಗೆ ಮುಟ್ಟಿಸಿ, ಇದು ಹಿಂದೊಂದು ಕಾಲದ ಸಮುದ್ರದ ಕೆಸರು, ನೂರಾರು ಮಿಲಿಯನ್ ವರ್ಷದ್ದು ಅಂದರು. ಅಮೃತಪ್ಪ ಅದನ್ನು ಕನ್ನಡದಲ್ಲಿ ಹೇಳುವಾಗ ಮಿಲಿಯನ್ ಎಂಬುದನ್ನು ಹಾಗೇ ಬಿಟ್ಟ. ಅದಕ್ಕೆ ಕನ್ನಡದಲ್ಲಿ ಒಂದೇ ಮಾತು ಅವನ ಹತ್ತಿರ ಇರಲಿಲ್ಲ. ಲಕ್ಷ ಚಿಕ್ಕದಾಗುತ್ತಿತ್ತು, ಕೋಟಿ ದೊಡ್ಡದಾಗುತ್ತಿತ್ತು.

"ಮಾಸ್ತರ್ ಸಾಬ್," ಕಲ್ಲು ಸೀಳುವ ಬಾಬುಮಿಯಾ ಸುತ್ತಿಗೆ ಕೆಳಗಿಟ್ಟ. "ಮಿಲಿಯನ್ ಅಂದ್ರ ಎಷ್ಟಾಯ್ತ್ರಿ?"

"ಹತ್ತು ಲಕ್ಷ."

"ಮತ್ತ ಹತ್ತು ಲಾಖ್ ಅಂತ ಸೀದಾ ಅನ್ಲಿಕ್ಕ ಸಾಹೇಬ್ರಿಗಿ ಏನು ಬ್ಯಾನಿ ಅದ?"

"ಲಾಖ್ ಅಂದ್ರ ನಿನಗ ತಿಳೀತದಲ್ಲೋ ಬಾಬು," ಲಾರಿ ಓಡಿಸುವ ಚಂದ್ರಾಮ ಮೇಲಿನಿಂದ ಕೂಗಿದ. "ನಿನಗ ತಿಳಿದ್ರ ಅವರಿಗಿ ಪಗಾರ ಯಾರು ಕೊಡ್ತಾರ?"

ಎಲ್ಲರೂ ನಕ್ಕರು. ಬಾಬುಮಿಯಾ ಬಿಡಲಿಲ್ಲ. "ಯಾರು ಕುಂತು ಎಣಿಸ್ಯಾರ್ರಿ ಇದನ್ನ? ನಮ್ಮ ಅಬ್ಬಾನ ವಯಸ್ಸೇ ನಮ್ಮ ಮನ್ಯಾಗ ಯಾರಿಗೂ ಗೊತ್ತಿಲ್ಲ."

ಅಮೃತಪ್ಪ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಅಧಿಕಾರಿ ನಗುತ್ತ, ಅಷ್ಟು ದೊಡ್ಡ ಕಾಲದಲ್ಲಿ ಕೆಲವು ಲಕ್ಷ ವರ್ಷ ಹೆಚ್ಚುಕಡಿಮೆಯಾದರೆ ನಾವು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದರು. ಈ ಮಾತನ್ನು ಅಮೃತಪ್ಪ ತಿರುವಿ ಹೇಳಲಿಲ್ಲ, ತನ್ನ ಹತ್ತಿರವೇ ಇಟ್ಟುಕೊಂಡ. ಲಕ್ಷ ವರ್ಷಗಳೇ ಲೆಕ್ಕಕ್ಕಿಲ್ಲದ ಕಲ್ಲಿನ ಮೇಲೆ ನಿಂತು ಒಬ್ಬ ಗಂಡಸಿನ ಉಳಿದ ಇಪ್ಪತ್ತು ಮೂವತ್ತು ವರ್ಷಕ್ಕೆ ಮರುಗುವುದೇನು ಎಂದುಕೊಂಡ. ಆ ವಿಚಾರ ತಣ್ಣಗಿತ್ತು, ಹಿತವಾಗಿತ್ತು.

ಆಗ ನಾಗೇಂದ್ರಪ್ಪ ಬಾಯಿ ತೆರೆದ. "ಎಣಿಸಬ್ಯಾಡೋ ಬಾಬು. ಮಿಲಿಯನ್ ಅಂದ್ರ ಎಣಿಸೋದು ಬಿಡು ಅಂತ ಅರ್ಥ. ನಮ್ಮ ಸೂಗಿ ಹೇಳಿದ್ಳು ನನಗ."

ಅಮೃತಪ್ಪ ಅವನತ್ತ ತಿರುಗಿದ. ಆ ಪದ ತಮ್ಮಿಬ್ಬರದು ಎಂದು ನಂಬಿದ್ದ. ಅವಳು ಅದನ್ನು ಅಣ್ಣನಿಗೂ ಕೊಟ್ಟಿದ್ದಳು. ತಾನು ಹೇಳಲಾಗದೆ ಉಳಿದ ಅರ್ಥವನ್ನು ಇವನು ಗಣಿಯ ಧೂಳಿನಲ್ಲಿ ನಿಂತು, ಎಲ್ಲರೆದುರು ಆಡಿಬಿಟ್ಟ. ಅಲ್ಲಿಯತನಕ ಎಲ್ಲೋ ಒಂದಿಷ್ಟು ಅಳುಕು ಉಳಿದಿದ್ದರೆ ಅದೂ ಆಗ ಹೋಯಿತು.

ಅಧಿಕಾರಿಯನ್ನು ಕಳಿಸಿದ ಮೇಲೆ ನಾಗೇಂದ್ರಪ್ಪ ಅವನ ಹತ್ತಿರ ಬಂದು ನಿಂತ. ತೋಳಿನಿಂದ ಮುಖ ಒರೆಸಿಕೊಂಡ. "ಮಾಸ್ತರ್ರ, ಆವತ್ತ ನಾ..."

"ಬಿಡ್ರಿ ಭಾವ. ಈಗ ಯಾಕ ಆ ಮಾತು."

ನಾಗೇಂದ್ರಪ್ಪ ಆ ಮಾತು ಬಿಟ್ಟ. "ಎಳ್ಳಮಾಸಿಗರೆ ಬರ್ರಿ," ಅಂದ. "ಅವ್ವ ದಿನಾ ನಿಮ್ಮ ಹೆಸರು ತಗೀತಾಳ. ನನ್ನ ಮ್ಯಾಲ ಸಿಟ್ಟಿದ್ರ ನನ್ನ ಕೂಡ ಮಾತಾಡಬ್ಯಾಡ್ರಿ, ಆಕಿ ಕೈಲಿ ಉಂಡು ಹೋಗ್ರಿ."

ಹೀಗೆ ಕರೆಯೂ ಸಿಕ್ಕಿತು.

ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಹಬ್ಬಕ್ಕೆ ಒಲೆಯ ಮೇಲೆ ಹಂಚು ಇಡುವುದಿಲ್ಲ. ಹಬ್ಬದ ಹಿಂದಿನ ಮಧ್ಯಾಹ್ನ ಅಮೃತಪ್ಪ ಬಾಗಿಲು ಹಾಕಿಕೊಂಡು ಒಲೆ ಹೊತ್ತಿಸಿದ. ಸೂಗಮ್ಮ ಮಾಡುವುದನ್ನು ಬಾಗಿಲಿಗೆ ಒರಗಿ ಎಷ್ಟೋ ಸಲ ನೋಡಿದ್ದ, ಆದರೆ ನೋಡಿದ್ದಕ್ಕೂ ಮಾಡುವುದಕ್ಕೂ ಸಂಬಂಧವಿರಲಿಲ್ಲ. ಎಳ್ಳು ಸೀದು ಹೋಯಿತು. ಮತ್ತೆ ಹುರಿದ. ಬೆಲ್ಲ ಕುಟ್ಟಿ ಬೆರೆಸಿದ. ಮೊದಲನೆಯದು ಹರಿಯಿತು, ಎರಡನೆಯದು ಅಂಟಿಕೊಂಡಿತು. ಲಟ್ಟಣಿಗೆಯ ಒಂದು ತುದಿ ಅವಳ ಅಂಗೈ ಉಜ್ಜಿ ಉಜ್ಜಿ ನುಣುಪಾಗಿತ್ತು. ತನ್ನ ಕೈ ಅಲ್ಲಿ ಕೂರುತ್ತಿಲ್ಲ ಎಂದು ಸ್ವಲ್ಪ ಹೊತ್ತಿನ ಮೇಲೆ ತಿಳಿಯಿತು. ಬೆರಳು ಒಳಗೆಳೆದುಕೊಂಡು ಹಿಡಿದ. ಆಗ ಬಂತು. ಅವಳು ಮಾಡುತ್ತಿದ್ದಂತೆ ಅಂಚಿಗೆ ಸುತ್ತ ಒಂದು ಸಾಲು ಎಳ್ಳು ಒತ್ತಿದ. ಒಲೆಯ ಹೊಗೆಗೋ ಏನೋ ಕಣ್ಣು ಸುರಿಯುತ್ತಿತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಕೈ ಕುದುರಿದ ಮೇಲೆ ಪುಡಿಯನ್ನು ಉಳಿದ ಹೂರಣಕ್ಕೆ ಸೇರಿಸಿದ. ಡಬ್ಬಿ ತುಂಬುವಷ್ಟು ಲಟ್ಟಿಸಿ ಬೇಯಿಸಿದ.

ಶಹಾಬಾದಿನ ಹೊರಗೆ, ಕಾಗಿಣಾ ನದಿಯ ದಂಡೆಯಲ್ಲಿ ನಾಗೇಂದ್ರಪ್ಪನ ಹೊಲ. ಎಳ್ಳಮಾಸಿಯ ಬಿಸಿಲು ಹದವಾಗಿತ್ತು. ಮಹಾದೇವಮ್ಮ ಅಳಿಯನನ್ನು ಕಂಡವಳೇ ಕೈಯಲ್ಲಿದ್ದ ಬುಟ್ಟಿ ಇಳಿಸಿ, ಅವನ ಗಲ್ಲ ಎರಡೂ ಕೈಯಲ್ಲಿ ಹಿಡಿದಳು.

"ಭಾಳ ಸೊರಗೀದಿಯಪ್ಪ. ಏನು ತಿಂತಿ ಅಲ್ಲಿ, ಸೀಮೆಸುಣ್ಣ?"

"ಮಾಸ್ತರ್ರು ಇಂಗ್ಲಿಷ್ ತಿಂತಾರಬೇ," ಚಂದ್ರಾಮ ಅಂದ. "ಉಪ್ಪು ಖಾರ ಇರಾಂಗಿಲ್ಲ ಅದಕ್ಕ."

"ನೀ ಸುಮ್ನಿರೋ. ನಿನಗ ತಿನ್ನಸೂದ್ರಾಗೇ ಹೊಲ ಖಾಲಿ ಆಗ್ಲಿಕತ್ತದ."

ಕಂಬಳಿಯ ಮೇಲೆ ಅಮೃತಪ್ಪನನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡು ಆಕೆ ತಾನೇ ಬಡಿಸಿದಳು. ಅವನು ಸಾಕು ಅಂದಾಗಲೆಲ್ಲ ಇನ್ನೊಂದು ಸೌಟು ಭಜ್ಜಿ ಬಿತ್ತು. ಹತ್ತು ತಿಂಗಳಲ್ಲಿ ಯಾರೂ ಅವನಿಗೆ ಹಾಗೆ ಬಡಿಸಿರಲಿಲ್ಲ. ನಾಗೇಂದ್ರಪ್ಪ ತುಸು ದೂರದಲ್ಲಿ, ಆಳುಗಳ ನಡುವೆ ಕೂತು ಉಂಡ. ಮಾತು ಕಡಿಮೆಯಾಗಿತ್ತು. ಅಪರಾಧಿಯ ಮುಖ ಹಾಗೇ ಇರುತ್ತದೆ ಎಂದುಕೊಂಡ ಅಮೃತಪ್ಪ.

ಬಂಡಿಗಳಿಗೆ ಸಾಮಾನು ಏರಿಸುವ ಹೊತ್ತಿಗೆ ಅವನು ಚೀಲದಿಂದ ಡಬ್ಬಿ ತೆಗೆದ. ಸುತ್ತ ನಾಲ್ಕಾರು ಜನ ನೋಡುತ್ತಿರುವುದನ್ನು ಖಾತ್ರಿ ಮಾಡಿಕೊಂಡು, ಬಾಗಿ, ಎರಡೂ ಕೈಯಿಂದ ಕೊಟ್ಟ.

"ನಿಮಗ ತಂದೀನ್ರಿ, ಅವ್ವಾ."

ಆಕೆ ಮುಚ್ಚಳ ತೆಗೆದಳು. ಮೇಲಿನ ಹೋಳಿಗೆಯ ಅಂಚಿನ ಮೇಲೆ ಹೆಬ್ಬೆರಳು ಸರಿಸಿದಳು.

"ಯಾರು ಮಾಡ್ಯಾರಪ್ಪ?"

"ನೆರಿಮನಿಯವರು ಕೊಟ್ಟಾರ್ರಿ."

"ಸೂಗಿ ಕೈ ಇದ್ದಂಗ ಅದ," ಎಂದು ಮುಚ್ಚಳ ಒತ್ತಿ, ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿ ಹೊಟ್ಟೆಗೆ ಅವುಚಿಕೊಂಡಳು. ನಾಗೇಂದ್ರಪ್ಪ ಒಮ್ಮೆ ಇತ್ತ ನೋಡಿದ. ನೋಡಿದವನೇ ನದಿಯ ಕಡೆ ಮುಖ ತಿರುವಿದ. ಆಸೆಯನ್ನು ಜನರ ಮುಂದೆ ತೋರಿಸಲು ನಾಚಿಕೆ, ಅಷ್ಟೇ. ಅಮೃತಪ್ಪ ರೈಲಿಗೆ ಹೊರಟ. ಬೆನ್ನ ಹಿಂದೆ ಮಹಾದೇವಮ್ಮ ಕೂಗಿ ಹೇಳುತ್ತಿದ್ದಳು, ಹುಷಾರು, ಊಟ ಬಿಡಬೇಡ, ಸಂಕ್ರಾಂತಿಗೂ ಬಾ. ಅವನು ತಿರುಗಿ ಕೈ ಎತ್ತಿದ. ತಿರುಗಿ ಹೋಗಿ ಡಬ್ಬಿ ಕಸಿದುಕೊಳ್ಳಬೇಕು ಎಂದು ಒಂದು ಕ್ಷಣ ಅನಿಸಿತು. ಅದು ಆಕೆ ಬಡಿಸಿದ ಊಟದ ಮುಲಾಜು ಎಂದು ತಿಳಿದು, ಹೆಜ್ಜೆ ಮುಂದಿಟ್ಟ.

ಮರುದಿನ ಬೆಳಗಿನ ಪಾಠ ಅವನು ಚೆನ್ನಾಗಿ ಮಾಡಿದ. ಸೂರ್ಯ ಗಣಿಯ ತಳ ಮುಟ್ಟುವ ಹೊತ್ತು, ಪೂಜೆ ಮುಗಿಯುವ ಹೊತ್ತು, ಆ ಮನುಷ್ಯ ಕಲ್ಲಿನ ಮೇಲೆ ಕೂರುವ ಹೊತ್ತು, ಎಲ್ಲವೂ ಕಿಟಕಿಯ ಬಿಸಿಲಿನಲ್ಲಿ ಕಾಣುತ್ತಿತ್ತು. ಗೆದ್ದೆ ಎಂದು ಅನಿಸಲಿಲ್ಲ. ಸೂಗಮ್ಮನಿಗೆ ಹೇಳಬೇಕು ಅನಿಸಿತು, ಅಷ್ಟೇ.

ಮಧ್ಯಾಹ್ನಕ್ಕೆ ಶಾಲೆಯ ಮುಂದೆ ಲಾರಿ ನಿಂತಿತು. ಚಂದ್ರಾಮ ಇಳಿದು ಬಂದ. ಅವನ ಕಣ್ಣುಗಳು ಕೆಂಪಾಗಿದ್ದವು. ಅಮೃತಪ್ಪ ಮುಖಕ್ಕೆ ಬೇಕಾದ ಗಾಬರಿಯನ್ನು ತಂದುಕೊಂಡ.

"ಲಾರಿ ಹತ್ತ್ರಿ ಮಾಸ್ತರ್ರ. ಸಾವುಕಾರ್ರು ನಿಮ್ಮನ್ನ ಕರಕೊಂಡು ಬಾ ಅಂದಾರ."

"ಯಾರು?"

"ನಾಗೇಂದ್ರಪ್ಪ ಸಾವುಕಾರ್ರು." ಚಂದ್ರಾಮ ಕಣ್ಣೊರೆಸಿಕೊಂಡ. "ಅವ್ವ ಹ್ವಾದ್ಳರಿ. ನಸಿಕಿಗೇ ಹ್ವಾದ್ಳು. ಎಷ್ಟೊತ್ತೂ ನಿಮ್ಮನ್ನೇ ನೆನಸ್ಲಿಕತ್ತಿದ್ಳು."

ದಾರಿಯುದ್ದಕ್ಕೂ ಚಂದ್ರಾಮ ಮಾತಾಡುತ್ತಲೇ ಇದ್ದ. ಅವನು ಏನು ಹೇಳಿದನೆಂದು ಅಮೃತಪ್ಪನಿಗೆ ಆಮೇಲೆ ನೆನಪಾಗಲಿಲ್ಲ, ಒಂದು ಮಾತಿನ ಹೊರತು. "ಸೂಗವ್ವನ ದಿನಾನೂ ಇದೇ ಲಾರಿರಿ. ಸುದ್ದಿ ಬಂದಾಗ ನಾ ಇದನ್ನ ತಗೊಂಡು ಶಹಾಬಾದಿಗಿ ಹೋಗಿಬಿಟ್ಟಿದ್ದೆ. ಸಾವುಕಾರ್ರು ದಾರ್ಯಾಗ ಯಾವ್ದರೆ ಗಾಡಿ ಸಿಕ್ಕೀತು ಅಂತ ಕತ್ತಲದಾಗ ಓಡೋಡಿ ಬಂದ್ರು. ಒಂದೂ ಸಿಗಲಿಲ್ಲ."

ಮನೆಯೊಳಗೆ ಮಹಾದೇವಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು, ಹಣೆಯ ತುಂಬ ವಿಭೂತಿ. ಒಳಕೋಣೆಯಲ್ಲಿ ಶಹಾಬಾದಿನ ಡಾಕ್ಟರರೂ ಪೊಲೀಸ್ ಠಾಣೆಯ ಅಮೀನ ಸಾಹೇಬರೂ ಒಂದು ಬಟ್ಟಲನ್ನು, ತೆರೆದ ಡಬ್ಬಿಯನ್ನು ಮುಂದಿಟ್ಟುಕೊಂಡು ಕೂತಿದ್ದರು. ನಾಗೇಂದ್ರಪ್ಪ ಎದ್ದು ಬಂದು ಅಮೃತಪ್ಪನ ಎರಡೂ ಕೈ ಹಿಡಿದ. "ಈ ಸಲ ತಡಾ ಮಾಡ್ಲಿಲ್ರಿ ಮಾಸ್ತರ್ರ. ಮೊದಲನೇ ವಾಂತಿಗೇ ಲಾರಿ ತಗೊಂಡು ಹೋಗಿ ಡಾಕ್ಟರನ್ನ ಎಬ್ಬಿಸ್ಕೊಂಡು ಬಂದೆ. ಬಂದು ನೋಡಿ ಇದು ಹಬ್ಬದ ಊಟದ್ದಲ್ಲ ಅಂದ್ರು. ಆ ಹೋಳಿಗಿ ಯಾರು ಮಾಡ್ಯಾರ್ರಿ? ನೀವು ಅವ್ವಗ ಕೊಟ್ಟದ್ದು ಎಲ್ಲಾರೂ ನೋಡ್ಯಾರ, ನಾನೂ ಅಮೀನ್ ಸಾಬ್ರಿಗಿ ಹಂಗೇ ಹೇಳೀನಿ. ಆಕಿಗಿ ಹಲ್ಲಿಲ್ಲ, ಕುಟ್ಟಿ ಹಾಲಿನ್ಯಾಗ ನೆನಸಿ ಉಂಡಳು. ನನ್ನ ಮಗಳ ಮನೀದು, ಚೆಲ್ಲಬಾರ್ದು ಅಂದ್ಳು. ನಾನರೆ ತಿನ್ನಾಂಗಿಲ್ಲ. ನಿಮಗ ಗೊತ್ತೇ ಅದಲ್ರಿ, ಸೂಗಿಗಿ ಮಣ್ಣು ಕೊಡೋ ಹೊತ್ತಿನ್ಯಾಗ ನಿಮ್ಮ ಮಗ್ಗಲಕ್ಕೇ ನಿಂತು ಹೇಳಿದ್ನಲ್ಲ, ಇನ್ನ ಈ ಜನ್ಮಕ್ಕ ಎಳ್ಳ ಹೋಳಿಗಿ ಮುಟ್ಟಾಂಗಿಲ್ಲ ಅಂತ." ಅಂದು ಪಕ್ಕದಲ್ಲಿ ನಿಂತವನೊಬ್ಬ ಏನೋ ಹೇಳಿ ಅತ್ತಿದ್ದು ಅಮೃತಪ್ಪನಿಗೆ ನೆನಪಿತ್ತು. ಏನು ಹೇಳಿದನೆಂದು ಅವನು ಕೇಳಿಸಿಕೊಂಡಿರಲಿಲ್ಲ. ತಂಗಿಯನ್ನು ಕಳೆದುಕೊಂಡವನೂ ಒಬ್ಬನಿದ್ದಾನೆ ಎಂಬುದು ಅವನ ಲೆಕ್ಕದಲ್ಲಿ ಎಲ್ಲೂ ಬಂದಿರಲಿಲ್ಲ. ಅಮೀನರು ಕೇಳುವ ಮೊದಲೇ, ಮಾಡಿದ್ದು ನಾನೇ, ವಿಷ ಬೆರೆಸಿದ್ದೂ ನಾನೇ ಅಂದ. ನಾಗೇಂದ್ರಪ್ಪ ಹಿಡಿದ ಕೈ ಬಿಟ್ಟ. ಕೊಂದದ್ದಕ್ಕೆ ಕಾರಣವೇನೆಂದು ಅಮೀನರು ಕೇಳಿದರು, ಆಮೇಲೆ ಗುಲಬರ್ಗಾದ ನ್ಯಾಯಾಧೀಶರು ಕೇಳಿದರು, ಕೊನೆಗೆ ಜೈಲಿನ ಕಂಬಿಯಾಚೆ ನಿಂತು, ನಿನ್ನನ್ನು ಹೊಟ್ಟೆಯ ಮಗನಂತೆ ನೋಡಿದ ಮುದುಕಿ ನಿನಗೇನು ಮಾಡಿದ್ದಳು ಎಂದು ನಾಗೇಂದ್ರಪ್ಪನೇ ಅತ್ತು ಕೇಳಿದ. ಆ ಹೋಳಿಗೆ ನಿನಗೆಂದು ಮಾಡಿದ್ದು ಎಂದು ಅಮೃತಪ್ಪ ಅವನಿಗೆ ಹೇಳಲಿಲ್ಲ.